ಡೆಂಗ್ಯೂ ವೈರಸ್ ಮಾದರಿ: ಸೊಳ್ಳೆಯ ಹೊಟ್ಟೆ ದಾಟಿತು, ಇನ್ನು ಜೊಲ್ಲು ಗ್ರಂಥಿ

ಮೊದಲ ಮಾದರಿ ಮುಗಿಯಿತು. 25 ಸೆಂಟಿಮೀಟರ್ ಅಗಲದ ಥರ್ಮಾಕೋಲ್ ಗುಂಡು, ಅದರ ಮೈತುಂಬಾ ಫೋಮ್ ಶೀಟಿನಲ್ಲಿ ಕತ್ತರಿಸಿದ 180 ತುಂಡುಗಳು. ನಿಜವಾದ ಡೆಂಗ್ಯೂ ವೈರಸ್ಸಿನ ಅಗಲ ಸುಮಾರು 50 ನ್ಯಾನೋಮೀಟರ್. ಅಂದರೆ ನನ್ನ ಗುಂಡು ಅದಕ್ಕಿಂತ 50 ಲಕ್ಷ ಪಟ್ಟು ದೊಡ್ಡದು. ಇದೇ ಅಳತೆಯಲ್ಲಿ ಸೊಳ್ಳೆಯನ್ನೂ ಮಾಡಲು ಹೊರಟರೆ 5 ಮಿಲಿಮೀಟರ್ ಉದ್ದದ, ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ 25 ಕಿಲೋಮೀಟರ್ ಆಗುತ್ತದೆ! ಅದರ ಹೊಟ್ಟೆಯಿಂದ ಜೊಲ್ಲು ಗ್ರಂಥಿವರೆಗೆ ಈ ಗುಂಡು ಹೇಗೆ ಹೋಗಿ ಸೇರುತ್ತದೆ ಅನ್ನುವುದನ್ನು ತೋರಿಸುವುದೇ ಈ ಪ್ರಾಜೆಕ್ಟ್.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಇದು ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಮಕ್ಕಳಿಗಾಗಿ ಇಡಲು ಮಾಡುತ್ತಿರುವ ಮಾದರಿಗಳು ಮತ್ತು ಗೋಡೆ ಫಲಕಗಳು. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತಲ್ಲ, ಆಮೇಲೆ ನೀರು ನಿಲ್ಲಿಸಬೇಡಿ ಅನ್ನುವ ಪೋಸ್ಟರ್‌ಗಳು ಎಲ್ಲ ಕಡೆ ಬಂದವು. ಬರಲೇಬೇಕಿತ್ತು. ಆದರೆ ಸೊಳ್ಳೆಯ ಒಳಗೆ ಏನಾಗುತ್ತದೆ ಅಂತ ಹೇಳುವ ಚಿತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಸೊಳ್ಳೆ ಒಬ್ಬರ ರಕ್ತ ತೆಗೆದು ಇನ್ನೊಬ್ಬರಿಗೆ ಚುಚ್ಚುತ್ತದೆ ಅಂತಲೇ ಎಷ್ಟೋ ಜನ ನಂಬಿದ್ದಾರೆ. ಹಾಗಲ್ಲ. ಅದರ ಸೊಂಡಿಲಿನಲ್ಲಿ ರಕ್ತ ಮೇಲೆ ಹೋಗುವ ಕೊಳವೆ ಬೇರೆ, ಜೊಲ್ಲು ಕೆಳಗೆ ಬರುವ ಕೊಳವೆ ಬೇರೆ. ವೈರಸ್ ಒಂದರಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬರಬೇಕಾದರೆ ಸೊಳ್ಳೆಯ ಜೀವಕೋಶಗಳನ್ನು ಹೊಕ್ಕು, ಅಲ್ಲೇ ಮರಿ ಹಾಕಿ, ಮೈಯೆಲ್ಲ ಹರಡಿ ಬರಬೇಕು. ಸುತ್ತಲಿನ ಉಷ್ಣಾಂಶ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಇದಕ್ಕೆ ಸಾಮಾನ್ಯವಾಗಿ 8ರಿಂದ 12 ದಿನ ಬೇಕು. ಆಮೇಲೆ ಆ ಸೊಳ್ಳೆ ಬದುಕಿರುವಷ್ಟು ದಿನವೂ ವೈರಸ್ ಹರಡಬಲ್ಲದು.

ಹೊರಮೈ

ಗುಂಡಿನ ಮೇಲಿನ ತುಂಡುಗಳೆಲ್ಲ ಒಂದೇ ಪ್ರೋಟೀನ್. ಹೆಸರು ಇ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ತಂಡ 2002ರಲ್ಲಿ ವೈರಸ್ಸನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಇದರ ಜೋಡಣೆಯನ್ನು ಕಂಡುಕೊಂಡಿತು. ಆ ರಚನೆ ಪ್ರೋಟೀನುಗಳ ಆಕಾರಗಳನ್ನು ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕ್ ಅನ್ನುವ ಜಾಲತಾಣದಲ್ಲಿ 1ಕೆ4ಆರ್ ಅನ್ನುವ ಗುರುತಿನಲ್ಲಿ ಯಾರಿಗಾದರೂ ಪುಕ್ಕಟೆ ಸಿಗುತ್ತದೆ. ಮೊಬೈಲಿನಲ್ಲೇ ತಿರುಗಿಸಿ ನೋಡಬಹುದು. ನಾನು ಅದನ್ನು ನೋಡಿಕೊಂಡೇ ಅಂಟಿಸಿದ್ದು.

ಎರಡು ತುಂಡು ಸೇರಿ ಒಂದು ಜೋಡಿ. ಜೋಡಿಗಳು ಮೈಮೇಲೆ ಅಂಗಾತ ಮಲಗಿರುತ್ತವೆ. ಮೂರು ಜೋಡಿ ಪಕ್ಕಪಕ್ಕ ಮಲಗಿದರೆ ಒಂದು ಪಟ್ಟಿ. ಅಂಥ 30 ಪಟ್ಟಿಗಳು ಚಾಪೆ ಹೆಣಿಗೆಯ ಹಾಗೆ ಓರೆಯಾಗಿ ಒಂದಕ್ಕೊಂದು ಸೇರಿ ಇಡೀ ಗುಂಡನ್ನು ಮುಚ್ಚುತ್ತವೆ. ಪ್ರತಿ ತುಂಡಿಗೂ ಮೂರು ಬಣ್ಣ ಹಚ್ಚಿದ್ದೇನೆ: ಕೆಂಪು, ಹಳದಿ, ನೀಲಿ. ಇ ಪ್ರೋಟೀನಿನ ಮೂರು ಭಾಗಗಳಿಗೆ ವಿಜ್ಞಾನಿಗಳು ಬಳಸುವ ಬಣ್ಣಗಳೇ ಇವು. ಹಳದಿ ಭಾಗದ ತುದಿಗೆ ಮಾತ್ರ ಒಂದು ಚೂರು ಹಸಿರು ಮುಟ್ಟಿಸಿದ್ದೇನೆ. ಅದು ಯಾಕೆ ಅಂತ ಮುಂದೆ ಬರುತ್ತದೆ.

ಥರ್ಮಾಕೋಲ್ ಗುಂಡು ಎರಡು ಟೊಳ್ಳು ಹೋಳಾಗಿ ಸಿಗುವುದರಿಂದ ಒಳಗೆ ಜಾಗ ಇದೆ. ಅಲ್ಲಿ ವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ವಂಶವಾಹಿ ಬರಹ. ಸುಮಾರು 10,700 ಅಕ್ಷರಗಳ ಒಂದೇ ಎಳೆ. ಬಿಡಿಸಿ ಎಳೆದರೆ 3.6 ಮೈಕ್ರೋಮೀಟರಿನಷ್ಟಾಗುತ್ತದೆ, ನನ್ನ ಅಳತೆಯಲ್ಲಿ 18 ಮೀಟರ್. ಅಷ್ಟು ಉದ್ದದ ಉಣ್ಣೆ ದಾರವನ್ನು ಒಳಗೆ ತುರುಕಿದ್ದೇನೆ. ಮಕ್ಕಳು ಅದನ್ನು ಎಳೆಯುತ್ತಾ ಲೈಬ್ರರಿಯ ಬಾಗಿಲವರೆಗೂ ಹೋಗಲಿ ಅಂತ ನನ್ನ ಆಸೆ. ಇಡೀ ಎಳೆಯಲ್ಲಿ ಇರುವುದು ಬರೀ ಹತ್ತು ಪ್ರೋಟೀನಿಗೆ ಬೇಕಾದ ಬರಹ. ಮೂರು ವೈರಸ್ಸಿನ ಮೈ ಕಟ್ಟಲು, ಏಳು ಕೆಲಸ ನಡೆಸಲು. ಇಷ್ಟರಲ್ಲೇ ಅದು ಸೊಳ್ಳೆಯನ್ನೂ ಮನುಷ್ಯನನ್ನೂ ನಿಭಾಯಿಸುತ್ತದೆ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೋಶದೊಳಗೆ ನುಗ್ಗುವುದು

ನನಗೆ ತುಂಬಾ ಖುಷಿ ಕೊಟ್ಟಿದ್ದು ಎರಡನೆಯ ಮಾದರಿ. ಇದು ಅಲ್ಲಾಡುತ್ತದೆ.

ಹೊಟ್ಟೆಯ ಗೋಡೆಯ ಕೋಶ ವೈರಸ್ಸನ್ನು ಒಂದು ಪುಟ್ಟ ಚೀಲದೊಳಗೆ ನುಂಗಿಕೊಳ್ಳುತ್ತದೆ. ನುಂಗಿದ ಮಾತ್ರಕ್ಕೆ ವೈರಸ್ ಗೆದ್ದ ಹಾಗಲ್ಲ. ಇನ್ನೂ ಚೀಲದಲ್ಲೇ ಬಂದಿ. ಚೀಲ ಒಳಗೆ ಸರಿಯುತ್ತಾ ಹುಳಿಯಾಗುತ್ತದೆ, ಅಂದರೆ ಆಮ್ಲ ಜಾಸ್ತಿಯಾಗುತ್ತದೆ. ಈ ಹುಳಿಯೇ ವೈರಸ್ಸಿಗೆ ಸೂಚನೆ. ಮಲಗಿದ್ದ ಜೋಡಿಗಳು ಬಿಟ್ಟುಕೊಳ್ಳುತ್ತವೆ. ಮೂರು ಮೂರು ತುಂಡುಗಳು ಸೇರಿ ಎದ್ದು ನಿಲ್ಲುತ್ತವೆ. ಅಲ್ಲಿಯವರೆಗೆ ಪಕ್ಕದ ತುಂಡಿನ ಸಂದಿಯಲ್ಲಿ ಅಡಗಿದ್ದ ಹಸಿರು ತುದಿ ಈಗ ಹೊರಬಂದು ಚೀಲದ ಪೊರೆಗೆ ನಾಟುತ್ತದೆ. ಆಮೇಲೆ ನೀಲಿ ಭಾಗ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಆ ಮಡಿಕೆಯ ಎಳೆತಕ್ಕೆ ವೈರಸ್ಸಿನ ಪೊರೆ, ಚೀಲದ ಪೊರೆ ಎರಡೂ ಹತ್ತಿರ ಬಂದು ಒಂದಾಗುತ್ತವೆ. ತೂತು ಬೀಳುತ್ತದೆ. ದಾರ ಕೋಶದೊಳಕ್ಕೆ ಜಾರುತ್ತದೆ.

ಇದನ್ನು ದಪ್ಪ ರಟ್ಟಿನಲ್ಲಿ ಮಾಡಿದೆ. ಬಣ್ಣಗಳು ಕೂಡುವ ಜಾಗದಲ್ಲಿ ಕಾಲು ಬಿಡಿಸುವ ಹಿತ್ತಾಳೆ ಪಿನ್ನು. ಹಳದಿ ಮೇಲೇಳಬೇಕು, ನೀಲಿ ಹಿಂದೆ ಮಡಚಬೇಕು, ಎರಡೂ ಒಟ್ಟಿಗೆ ಆಗಬಾರದು. ಅದಕ್ಕೆ ಎರಡು ಬೇರೆ ದಾರ ಕಟ್ಟಿದ್ದೇನೆ. ಮೊದಲ ದಾರ ಎಳೆದಾಗ ಹಸಿರು ತುದಿ ಟಕ್ ಅಂತ ಹೊರಗೆ ಬರುತ್ತದೆ. ಪಕ್ಕದ ಮನೆ ಹುಡುಗಿ ಅದನ್ನೇ ಮತ್ತೆ ಮತ್ತೆ ಎಳೆಯುತ್ತಾ ಕೂತಿದ್ದಳು. ‘ಹುಳಿ ಆಗದಿದ್ದರೆ ಏನಾಗುತ್ತೆ ಅಂಕಲ್?’ ಅಂತ ಕೇಳಿದಳು. ಒಳ್ಳೆ ಪ್ರಶ್ನೆ ಅಲ್ವಾ? ಹುಳಿ ಆಗದಂತೆ ತಡೆದರೆ ವೈರಸ್ ಚೀಲದಿಂದ ಹೊರಬರಲಾಗದು. ಈ ಪ್ರಶ್ನೆ, ಉತ್ತರ ಎರಡನ್ನೂ ಫಲಕದ ಮೇಲೆ ಬರೆದಿದ್ದೇನೆ.

ಹೊಟ್ಟೆಯ ಫಲಕ

ಸೊಳ್ಳೆ ಸುಮ್ನೆ ಬಿಟ್ಟುಕೊಡುವುದಿಲ್ಲ. ವೈರಸ್ ತನ್ನ ಪ್ರತಿ ಮಾಡಿಕೊಳ್ಳುವಾಗ ಆರ್‌ಎನ್‌ಎ ಜೋಡಿ ಎಳೆಯಾಗುತ್ತದೆ. ಸೊಳ್ಳೆಯ ಡೈಸರ್-2 ಅನ್ನುವ ಪ್ರೋಟೀನ್ ಅದನ್ನು ಗುರುತಿಸಿ 21 ಅಕ್ಷರದ ಚೂರುಗಳಾಗಿ ಕತ್ತರಿಸುತ್ತದೆ. ಆ ಚೂರುಗಳನ್ನು ಹಿಡಿದುಕೊಂಡು ಆರ್ಗೊನಾಟ್-2 ಅನ್ನುವ ಇನ್ನೊಂದು ಪ್ರೋಟೀನ್ ವೈರಸ್ಸಿನ ಉಳಿದ ಎಳೆಗಳನ್ನು ಹುಡುಕಿ ತುಂಡರಿಸುತ್ತದೆ. ಎಷ್ಟೋ ಸೊಳ್ಳೆಗಳಲ್ಲಿ ವೈರಸ್ ಹೊಟ್ಟೆಯಲ್ಲೇ ನಿಂತುಹೋಗುತ್ತದೆ.

ಇಲ್ಲಿ ಪುಣೆಯ ಒಂದು ಸಂಗತಿ ಹಾಕಿದ್ದೇನೆ. 1967ರಲ್ಲಿ ಅಲ್ಲಿನ ವೈರಸ್ ಸಂಶೋಧನಾ ಕೇಂದ್ರದಲ್ಲಿ ಕೆ.ಆರ್.ಪಿ. ಸಿಂಗ್ ಅವರು ಈಡಿಸ್ ಆಲ್ಬೊಪಿಕ್ಟಸ್ ಸೊಳ್ಳೆಯ ಮರಿಹುಳುಗಳಿಂದ ಕೋಶಗಳನ್ನು ತೆಗೆದು ಗಾಜಿನಲ್ಲಿ ಬೆಳೆಸಿದರು. ಅದರಿಂದಲೇ 1978ರಲ್ಲಿ ಜಪಾನಿನ ವಿಜ್ಞಾನಿ ಇಗರಾಶಿ ಅವರು ಸಿ6/36 ಅನ್ನುವ ತಳಿಯನ್ನು ಆರಿಸಿ ತೆಗೆದರು. ಇವತ್ತು ಲೋಕದ ಎಲ್ಲೆಡೆ ಲ್ಯಾಬ್‌ಗಳಲ್ಲಿ ಡೆಂಗ್ಯೂ ವೈರಸ್ ಬೆಳೆಸುವುದು ಈ ಕೋಶಗಳಲ್ಲಿ. ಅದರಲ್ಲಿ ವೈರಸ್ ಅಷ್ಟು ಹುಲುಸಾಗಿ ಬೆಳೆಯಲು ಒಂದು ಕಾರಣ 2010ರಲ್ಲಿ ಗೊತ್ತಾಯಿತು: ಆ ಕೋಶಗಳ ಡೈಸರ್-2 ಕೆಟ್ಟಿದೆ.

ಈ ಫಲಕದಲ್ಲಿರುವ ಇನ್ನೊಂದು ವಿಷಯ ಎನ್‌ಎಸ್1, ವೈರಸ್ಸಿನ ಆ ಹತ್ತು ಪ್ರೋಟೀನುಗಳಲ್ಲಿ ಒಂದು. ಜ್ವರ ಬಂದಾಗ ರಕ್ತಪರೀಕ್ಷೆಯ ಚೀಟಿಯಲ್ಲಿ ಈ ಹೆಸರು ನೋಡಿರುತ್ತೀರಿ. ವೈರಸ್ ಹೊಕ್ಕ ಕೋಶಗಳು ಇದನ್ನು ರಕ್ತಕ್ಕೆ ಬಿಡುತ್ತವೆ. ಸೊಳ್ಳೆ ಕುಡಿಯುವ ರಕ್ತದಲ್ಲಿ ಇದೂ ಇದ್ದರೆ ಅದರ ಹೊಟ್ಟೆಯ ರಕ್ಷಣೆ ತಗ್ಗುತ್ತದೆ, ವೈರಸ್ಸಿಗೆ ದಾರಿ ಸಲೀಸಾಗುತ್ತದೆ ಅಂತ 2016ರಲ್ಲಿ ಚೀನಾದ ಸಂಶೋಧಕರು ತೋರಿಸಿದರು. ಜ್ವರ ಬಂದವರನ್ನು ಹಗಲು ಹೊತ್ತಿನಲ್ಲೂ ಸೊಳ್ಳೆ ಪರದೆಯೊಳಗೆ ಮಲಗಿಸಿ ಅಂತ ಹೇಳುವುದು ಯಾಕೆ ಅಂತ ನನಗೆ ಇದರಿಂದ ಇನ್ನೂ ಚೆನ್ನಾಗಿ ಅರ್ಥವಾಯಿತು. ಫಲಕದಲ್ಲಿ ಇದನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ಮುಂದಿನ ಕೆಲಸ

ಮೂರನೆಯ ಮಾದರಿ ಅರ್ಧ ಆಗಿದೆ. ಕೋಶದಲ್ಲಿ ಆಗ ತಾನೇ ಹುಟ್ಟಿದ ವೈರಸ್ಸಿಗೆ ನಯವಾದ ಮೈ ಇರುವುದಿಲ್ಲ. 60 ಮುಳ್ಳುಗಳಿರುತ್ತವೆ, ಅಗಲವೂ 60 ನ್ಯಾನೋಮೀಟರ್ ಆಸುಪಾಸು. ಹಸಿರು ತುದಿಗಳ ಮೇಲೆ ಪಿಆರ್ ಅನ್ನುವ ಮುಚ್ಚಳ ಕೂತಿರುತ್ತದೆ. ಹೊರಬರುವ ದಾರಿಯಲ್ಲೂ ಹುಳಿ ಇದೆ, ಅಲ್ಲೇ ತೂತು ಕೊರೆದುಬಿಟ್ಟರೆ ಕೆಲಸ ಕೆಡುತ್ತದೆ. ಅದಕ್ಕೇ ಈ ಮುಚ್ಚಳ. ಫ್ಯೂರಿನ್ ಅನ್ನುವ ಕಿಣ್ವ ಅದರ ಬುಡ ಕತ್ತರಿಸುತ್ತದೆ. ವೈರಸ್ ಕೋಶದಿಂದ ಹೊರಬಿದ್ದ ಮೇಲೆ ಮುಚ್ಚಳ ಉದುರುತ್ತದೆ. ಮುಚ್ಚಳಗಳಿಗೆ ಪುಟ್ಟ ಅಯಸ್ಕಾಂತ ತರಿಸಿದ್ದೇನೆ, ಮಕ್ಕಳೇ ಕಿತ್ತು ತೆಗೆಯಬಹುದು.

ಜೊಲ್ಲು ಗ್ರಂಥಿಯ ಫಲಕಕ್ಕೆ ಪೆನ್ಸಿಲ್ ಗೆರೆ ಮಾತ್ರ ಬಿದ್ದಿದೆ. ಅಲ್ಲಿ ಎರಡು ವಿಷಯ ಇರಲೇಬೇಕು. ಒಂದು, ಜೊಲ್ಲಿನಲ್ಲಿರುವ ಅಪೈರೇಸ್ ಅನ್ನುವ ಕಿಣ್ವ. ಕಚ್ಚಿದ ಜಾಗದಲ್ಲಿ ಪ್ಲೇಟ್‌ಲೆಟ್‌ಗಳು ಒಟ್ಟುಗೂಡದಂತೆ ಅದು ತಡೆಯುತ್ತದೆ. ಡೆಂಗ್ಯೂ ಬಂದಾಗ ಪ್ಲೇಟ್‌ಲೆಟ್ ಇಳಿಯುವುದಕ್ಕೆ ಇದು ಕಾರಣ ಅಲ್ಲ, ಅದನ್ನು ಪಕ್ಕದಲ್ಲೇ ಬರೆಯಬೇಕು. ಇನ್ನೊಂದು, ವೈರಸ್ಸಿನ ಆರ್‌ಎನ್‌ಎಯನ್ನು ಕೋಶದ ಕಿಣ್ವ ಅರಗಿಸುತ್ತಾ ಬಂದು, ಕೊನೆಯ ಗಂಟುಗಳಲ್ಲಿ ಸಿಕ್ಕಿಕೊಂಡು ಬಿಟ್ಟುಹೋಗುವ ತುಣುಕು. ಅದು ಸೊಳ್ಳೆಯ ಜೊಲ್ಲಿನಲ್ಲೂ ಇರುತ್ತದೆ, ನಮ್ಮ ಚರ್ಮದ ಕೋಶಗಳ ಮೊದಲ ಎಚ್ಚರಿಕೆಯನ್ನು ತಗ್ಗಿಸುತ್ತದೆ ಅಂತ 2022ರಲ್ಲಿ ವರದಿಯಾಯಿತು. ಆ ಗಂಟುಗಳನ್ನು ಉಣ್ಣೆ ದಾರದ ತುದಿಯಲ್ಲೇ ಹಾಕಿ ತೋರಿಸುವ ಯೋಚನೆ ಇದೆ. ದಾರದ ಆ ತುದಿಗೆ ಬೇರೆ ಬಣ್ಣ ಹಾಕಬೇಕು, ಈ ವಾರ ಅದೇ ಕೆಲಸ.