ಡಿಸ್ನಿಲ್ಯಾಂಡ್: ಕ್ಯೂ ಉದ್ದ ನೋಡಬೇಡಿ, ಓಟ ನೋಡಿ

ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿರುವ ಡಿಸ್ನಿಲ್ಯಾಂಡ್‌ನಲ್ಲಿ ಒಂದು ಮಧ್ಯಾಹ್ನ ಪೈರೇಟ್ಸ್ ಆಫ್ ದ ಕೆರಿಬಿಯನ್ ಎಂಬ ರೈಡ್ ಮುಂದೆ 600 ಜನ, ಪೀಟರ್ ಪ್ಯಾನ್ ರೈಡ್ ಮುಂದೆಯೂ 600 ಜನ ನಿಂತಿದ್ದಾರೆ ಎಂದುಕೊಳ್ಳಿ. ಮೊದಲನೆಯ ಸಾಲು ಸುಮಾರು ಕಾಲು ಗಂಟೆಯಲ್ಲಿ ಕರಗುತ್ತದೆ. ಎರಡನೆಯದಕ್ಕೆ ಮುಕ್ಕಾಲು ಗಂಟೆಯಾದರೂ ಬೇಕು. ಪೈರೇಟ್ಸ್‌ನ ದೋಣಿಗಳು ದೊಡ್ಡವು, ಒಂದರ ಹಿಂದೊಂದು ಹೊರಡುತ್ತಲೇ ಇರುತ್ತವೆ. ಪೀಟರ್ ಪ್ಯಾನ್‌ನ ಹಡಗಿನಲ್ಲಿ ಇಬ್ಬರು, ಪುಟ್ಟ ಮಗುವಿದ್ದರೆ ಮೂವರು, ಅಷ್ಟೇ.

ಹಾಗಾಗಿ ಹಿಡಿಯಬೇಕಾದ ಲೆಕ್ಕ ಒಂದೇ: ಗಂಟೆಗೆ ಎಷ್ಟು ಜನ ಹತ್ತುತ್ತಾರೆ? ಆನೆಗಳ ಮೇಲೆ ಕೂತು ಸುತ್ತುವ ಡಂಬೋ ರೈಡ್ ತೆಗೆದುಕೊಳ್ಳಿ. 16 ಆನೆ, ಒಂದೊಂದರಲ್ಲಿ ಇಬ್ಬರು, ಒಟ್ಟು 32 ಸೀಟು. ತಿರುಗುವುದು ಒಂದೂವರೆ ನಿಮಿಷ. ಇಳಿಸಿ, ಹತ್ತಿಸಿ, ಬೆಲ್ಟ್ ನೋಡಿ ಮುಗಿಸಲು ಇನ್ನೂ ಎರಡೂವರೆ ನಿಮಿಷ ಹೋಯಿತು ಅನ್ನಿ. ಗಂಟೆಗೆ 15 ಸುತ್ತು, 480 ಜನ. ಅದೂ ಎಲ್ಲ ಸೀಟು ತುಂಬಿದರೆ. ಮೂರು ಜನರ ಕುಟುಂಬ ಎರಡು ಆನೆ ಹಿಡಿದರೆ ಒಂದು ಸೀಟು ಖಾಲಿ ಹೋಗುತ್ತದೆ. ಹಾಂಟೆಡ್ ಮ್ಯಾನ್ಶನ್‌ನ ಗಾಡಿಗಳು ಇದಕ್ಕೆ ತದ್ವಿರುದ್ಧ: ಸರಪಳಿಯಂತೆ ನಿಲ್ಲದೆ ಸಾಗುತ್ತವೆ, ಜನ ಚಲಿಸುವ ಪಟ್ಟಿಯ ಮೇಲೆ ನಡೆಯುತ್ತಲೇ ಕೂರುತ್ತಾರೆ. ಅಲ್ಲಿ ಗಂಟೆಗೆ 2,000ಕ್ಕೂ ಮೀರಿ ಜನ ಸಾಗುತ್ತಾರೆ. ಆದರೆ ಆ ಸಾಲು ಹತ್ತು ಹೆಜ್ಜೆ ಓಡಿ ಆಮೇಲೆ ಮರದ ಹಾಗೆ ನಿಂತುಬಿಡುತ್ತದೆ. ಗಾಬರಿ ಬೇಡ. ಒಳಗೆ ಜನರನ್ನು ಕೆಳಗಿಳಿಸುವುದು ಲಿಫ್ಟ್‌ನಂಥ ಎರಡು ಕೋಣೆಗಳು. ಒಂದು ತುಂಬಿ ಇಳಿದಾಗ ಸಾಲು ಒಮ್ಮೆಗೇ ಮುಂದೆ ಸರಿಯುತ್ತದೆ.

ಬೆಳಿಗ್ಗೆ ಬಾಗಿಲು ತೆರೆಯುವ 45 ನಿಮಿಷ ಮೊದಲೇ ಗೇಟಿನ ಬಳಿ ಇರಿ. ಬ್ಯಾಗ್ ತಪಾಸಣೆಯ ಸಾಲನ್ನು ಲೆಕ್ಕಕ್ಕೆ ಹಿಡಿಯದೆ ತಡವಾಗುವವರೇ ಹೆಚ್ಚು. ಒಳಗೆ ಹೋದೊಡನೆ ಮಕ್ಕಳಿದ್ದರೆ ನೇರ ಪೀಟರ್ ಪ್ಯಾನ್, ಆಮೇಲೆ ಡಂಬೋ, ಆಲಿಸ್. ಈ ಮೂರಕ್ಕೂ ಲೈಟ್ನಿಂಗ್ ಲೇನ್ (ದುಡ್ಡು ಕೊಟ್ಟವರ ಬೇರೆ ಸಾಲು) ಇಲ್ಲ, ಅಂದರೆ ಪಾಸ್ ಕೊಂಡರೂ ಸಾಲು ತಪ್ಪಿಸಲಾಗದು. ಡಿಸ್ನಿ ಹೋಟೆಲಿನಲ್ಲಿ ಉಳಿದವರನ್ನು ಅರ್ಧ ಗಂಟೆ ಮುಂಚೆ ಬಿಡುವ ದಿನ ನಿಮಗಿಂತ ಮೊದಲೇ ಪೀಟರ್ ಪ್ಯಾನ್ ಮುಂದೆ ಸಾಲು ಬೆಳೆದಿರುತ್ತದೆ. ಆಗ ಅದನ್ನು ಬಿಟ್ಟು ಬೇರೆ ಕಡೆ ಹೊರಡುವುದೇ ಜಾಣತನ. ಪೈರೇಟ್ಸ್, ಹಾಂಟೆಡ್ ಮ್ಯಾನ್ಶನ್‌ಗಳನ್ನು ಬೆಳಗಿನ ತಂಪು ಹೊತ್ತಿನಲ್ಲಿ ಮುಗಿಸುವುದು ಹೊತ್ತು ದಂಡ. ಅವು ಮಧ್ಯಾಹ್ನದ ಬಿಸಿಲಿಗೆ ಹೇಳಿ ಮಾಡಿಸಿದವು.

ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಕೊಂಡರೆ ಒಂದನ್ನು ಬಳಸಿದ ಮೇಲೆ, ಇಲ್ಲವೇ ಎರಡು ಗಂಟೆ ಕಳೆದ ಮೇಲೆ, ಮುಂದಿನದನ್ನು ಆರಿಸಬಹುದು. ಬೆಲೆ ದಿನದಿಂದ ದಿನಕ್ಕೆ ಬದಲಾಗುತ್ತದೆ. ಸ್ಪೇಸ್ ಮೌಂಟನ್, ಇಂಡಿಯಾನಾ ಜೋನ್ಸ್, ಮ್ಯಾಟರ್‌ಹಾರ್ನ್‌ನಂಥವಕ್ಕೆ ಬಳಸಿದರೆ ದುಡ್ಡಿಗೆ ನ್ಯಾಯ. ಎರಡು ಸಾಲು ಸೇರುವ ಜಾಗದಲ್ಲಿ ಸಿಬ್ಬಂದಿ ಪಾಸಿನವರನ್ನೇ ಹೆಚ್ಚು ಬಿಡುತ್ತಾರೆ, ಹಾಗಾಗಿ ಮಾಮೂಲಿ ಸಾಲು ಚಿಕ್ಕದಿದ್ದರೂ ಆಮೆ ನಡಿಗೆ. ರೈಡ್ ಕೆಟ್ಟು ಮತ್ತೆ ಶುರುವಾದಾಗಲಂತೂ ಬಾಕಿ ಉಳಿದ ಪಾಸಿನವರೆಲ್ಲ ಒಟ್ಟಿಗೇ ನುಗ್ಗುತ್ತಾರೆ. ಆ ಹೊತ್ತಿನಲ್ಲಿ ಮಾಮೂಲಿ ಸಾಲಿಗೆ ಹೊಸದಾಗಿ ಸೇರಲೇಬೇಡಿ.

ಸ್ಪೇಸ್ ಮೌಂಟನ್‌ನ ಒಂದು ರಾಕೆಟ್‌ನಲ್ಲಿ 12 ಜನ. ಹಳಿಯನ್ನು ತುಂಡು ತುಂಡಾಗಿ ಹಂಚಿರುತ್ತಾರೆ, ಒಂದು ತುಂಡಿನಲ್ಲಿ ಒಂದೇ ಬಂಡಿ. ಯಾರದೋ ಬ್ಯಾಗು, ಬಿಗಿಯಾಗದ ಅಡ್ಡಪಟ್ಟಿ ಅಂತ ಒಂದು ಬಂಡಿ ನಿಂತರೆ ಹಿಂದಿನವೆಲ್ಲ ಕಾಯಬೇಕು. ಕನ್ನಡಕ, ಟೋಪಿ ಮೊದಲೇ ಒಳಗಿಟ್ಟುಕೊಂಡರೆ ನಿಮ್ಮ ಹಿಂದಿನವರಿಗೂ ಉಪಕಾರ.

ಇಬ್ಬರು ದೊಡ್ಡವರು ಬೇರೆ ಬೇರೆ ಕೂರಲು ಒಪ್ಪಿದರೆ ಮ್ಯಾಟರ್‌ಹಾರ್ನ್‌ನ ಸಿಂಗಲ್ ರೈಡರ್ ಸಾಲು ಹಿಡಿಯಿರಿ. ಮೂರು ಸೀಟಿನ ಬಂಡಿಗೆ ಇಬ್ಬರ ಜೋಡಿ ಬಂದರೆ ಉಳಿಯುವ ಸೀಟು ನಿಮ್ಮದು. ಏಳು ವರ್ಷದೊಳಗಿನವರನ್ನು ಈ ಸಾಲಿಗೆ ಬಿಡುವುದಿಲ್ಲ. ಎತ್ತರ ಸಾಲದ ಮಗುವಿದ್ದರೆ (ಸ್ಪೇಸ್ ಮೌಂಟನ್‌ಗೆ 102 ಸೆಂ.ಮೀ., ಇಂಡಿಯಾನಾ ಜೋನ್ಸ್‌ಗೆ 117) ಬಾಗಿಲಲ್ಲೇ ರೈಡರ್ ಸ್ವಿಚ್ ಕೇಳಿ, ಒಬ್ಬರು ಮಗುವಿನ ಜೊತೆ ನಿಂತು, ಇನ್ನೊಬ್ಬರು ಬಂದ ಮೇಲೆ ಮತ್ತೆ ಪೂರ್ತಿ ಸಾಲು ನಿಲ್ಲದೆ ಹೋಗಬಹುದು.

ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ನೀಮೋ ಸಬ್‌ಮರೀನ್ ಬಗ್ಗೆ ಯೋಚಿಸಿ. 40 ಜನ ಕಡಿದಾದ ಸುರುಳಿ ಮೆಟ್ಟಿಲಿಳಿದು ಕೂರಬೇಕು, ಮತ್ತೆ ಅದೇ ಮೆಟ್ಟಿಲು ಹತ್ತಿ ಬರಬೇಕು; ಸಾಲು ನಿಧಾನವಾಗುವುದೇ ಅದಕ್ಕೆ. ಮೊಣಕಾಲು ನೋವಿನವರಿಗೆ ಮೇಲೆಯೇ ಕೂತು ಅದೇ ದೃಶ್ಯಗಳನ್ನು ನೋಡುವ ಕೋಣೆಯಿದೆ, ಕೇಳಿದರೆ ಕಳಿಸುತ್ತಾರೆ.

ಬೋರ್ಡಿನ ಮೇಲಿನ ಕಾಯುವ ಸಮಯದ ಮೇಲೆ ಅನುಮಾನ ಬಂದರೆ ಹತ್ತುವ ಜಾಗ ಕಾಣುವಲ್ಲಿ ನಿಂತು ಐದು ನಿಮಿಷ ಹತ್ತಿದವರನ್ನು ಎಣಿಸಿ 12ರಿಂದ ಗುಣಿಸಿ, ಗಂಟೆಗೆ ಎಷ್ಟು ಜನ ಹತ್ತುತ್ತಾರೆ ಎಂದು ಗೊತ್ತಾಗುತ್ತದೆ. ರಾತ್ರಿ ಮುಚ್ಚುವ ಹೊತ್ತಿಗೆ ಐದು ನಿಮಿಷ ಮೊದಲು ಸಾಲು ಸೇರಿದರೂ ಹತ್ತಿಸಿಯೇ ಕಳಿಸುತ್ತಾರೆ. ಪಟಾಕಿ ಪ್ರದರ್ಶನದ ರಾತ್ರಿ ಮಾತ್ರ ಡಂಬೋ ಇರುವ ಫ್ಯಾಂಟಸಿಲ್ಯಾಂಡ್‌ನ ಕೆಲವು ರೈಡ್‌ಗಳು ನಡುವೆಯೇ ನಿಲ್ಲುತ್ತವೆ, ಕೊನೆಯ ಸುತ್ತಿಗೆಂದು ಡಂಬೋವನ್ನು ಉಳಿಸಿಕೊಳ್ಳಬೇಡಿ.