ನಾನು ಕೇಳದೇ ಬಂದ ಕೋಡ್

ನಿನ್ನೆ ರಾತ್ರಿ ಮಲಗುವ ಹೊತ್ತಿಗೆ ಫೋನಿಗೆ ಆರು ಅಂಕಿಯ ಕೋಡ್ ಬಂತು. ನಾನು ಆಡುವ ಗೇಮಿನ ಲಾಗಿನ್ ಕೋಡ್, ಪಾಸ್‌ವರ್ಡ್ ಸರಿಯಾಗಿ ಹಾಕಿದ ಮೇಲೆ ಬರುವಂಥದ್ದು. ಆದರೆ ನಾನು ಲಾಗಿನ್ ಆಗಲು ಹೋಗಿರಲೇ ಇಲ್ಲ! ಅಂದರೆ ಯಾರಿಗೋ ನನ್ನ ಪಾಸ್‌ವರ್ಡ್ ಸಿಕ್ಕಿದೆ ಅಂತ ತಾನೇ? ಎದೆ ಧಸಕ್ಕೆಂದಿತು. ನಾಲ್ಕು ವರ್ಷ ಆಡಿ ಬೆಳೆಸಿದ ಅಕೌಂಟ್ ಅದು.

ತಕ್ಷಣ ಪಾಸ್‌ವರ್ಡ್ ಬದಲಿಸಿದೆ. ಈಮೇಲಿಗೂ ಅದೇ ಇತ್ತು, ಅದನ್ನೂ ಬದಲಿಸಿದೆ. ಎಸ್ಎಂಎಸ್ ಬಿಟ್ಟು ಅಥೆಂಟಿಕೇಟರ್ ಆ್ಯಪ್ ಹಾಕಿಕೊಂಡೆ. ಅದರಲ್ಲಿ ಕೋಡ್ ಹೊರಗಿನಿಂದ ಬರುವುದಿಲ್ಲ. ಫೋನಿನಲ್ಲೇ ಇರುವ ಒಂದು ಗುಟ್ಟಿನ ಕೀ ಮತ್ತು ಆ ಕ್ಷಣದ ಸಮಯ ಸೇರಿ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸದು ಹುಟ್ಟುತ್ತದೆ. ಯಾರಾದರೂ ನನ್ನ ನಂಬರನ್ನು ಬೇರೆ ಸಿಮ್‌ಗೆ ಹಾಕಿಸಿಕೊಂಡರೂ ಅದು ಅವರಿಗೆ ಸಿಗುವುದಿಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುವವರಿಗೆ 2008ರಲ್ಲೇ ಕೀಚೈನಿನಷ್ಟು ಪುಟ್ಟ ಕೋಡ್ ಯಂತ್ರ ಸಿಗುತ್ತಿತ್ತು. ಗೇಮಿನ ಅಕೌಂಟ್ ಅಂದರೆ ಸುಮ್ನೆ ಅಲ್ಲ, ಅಲ್ವಾ?

ಬೆಳಿಗ್ಗೆ ಗೇಮಿನ ಚಾಟ್‌ನಲ್ಲಿ ಯಾರೋ, ‘ನಾವು ಸಪೋರ್ಟ್ ತಂಡ, ನಿಮಗೆ ಬಂದ ಕೋಡ್ ಹೇಳಿ’ ಎಂದು ಕೇಳಿದರು. ಹೇಳಲಿಲ್ಲ, ರಿಪೋರ್ಟ್ ಮಾಡಿದೆ. ಈಗ ತಮ್ಮನಿಗೆ ಫೋನ್ ಮಾಡುತ್ತಿದ್ದೇನೆ. ಅವನು ಇನ್ನೂ ಚಿಕ್ಕವನು, ಪ್ರೀತಿಯಿಂದ ಕೇಳಿದರೆ ಕೊಟ್ಟೇಬಿಡುತ್ತಾನೆ.