ಮೆರೆರ್‌ನ ದೋಣಿ ಲೆಕ್ಕ

ಪಿರಮಿಡ್ ಮಾತು ಬಂದರೆ ಸಾಕು, ಯಾರಾದರೊಬ್ಬರು ಅನ್ಯಗ್ರಹದವರನ್ನು ಎಳೆದು ತಂದೇ ತರುತ್ತಾರೆ. ನನಗೆ ಮಾತ್ರ ಆಗ ಮೆರೆರ್ ನೆನಪಾಗುತ್ತಾನೆ.

ಈತ ರಾಜನಲ್ಲ, ಪುರೋಹಿತನಲ್ಲ. ಸುಮಾರು ನಲವತ್ತು ಜನರ ತಂಡಕ್ಕೆ ಮೇಲ್ವಿಚಾರಕ, ಅಷ್ಟೇ. 2013ರಲ್ಲಿ ಫ್ರಾನ್ಸಿನ ಪಿಯೆರ್ ತಾಲೆ ತಂಡ ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್‌ನಲ್ಲಿ ಅಗೆಯುತ್ತಿತ್ತು. ಅದು ಈಜಿಪ್ಟಿನ ರಾಜ ಖುಫು ಕಾಲದ ಬಂದರು. ಅಲ್ಲಿ ಬಂಡೆ ಕೊರೆದು ಮಾಡಿದ ಉದ್ದನೆಯ ಗುಹೆಗಳಿವೆ, ದೋಣಿ ಬಿಚ್ಚಿ ಇಡೋದಕ್ಕೆ. ಅವುಗಳ ಬಾಯಿಗೆ ಅಡ್ಡ ಇಟ್ಟಿದ್ದ ದೊಡ್ಡ ಕಲ್ಲುಗಳ ಹತ್ತಿರ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಕಾಗದದ ಚೂರುಗಳು ಸಿಕ್ಕವು. ಬರಹವಿರುವ ಪಪೈರಸ್‌ಗಳಲ್ಲಿ ಇಷ್ಟು ಹಳೆಯವು ಬೇರೆಲ್ಲೂ ಸಿಕ್ಕಿಲ್ಲ. ಸುಮಾರು 4,500 ವರ್ಷ ಹಿಂದಿನವು!

ಅದರಲ್ಲಿ ಏನಿದೆ ಅಂದರೆ, ಮೆರೆರ್ ತಂಡದ ದಿನಚರಿ. ಇವತ್ತು ತುರಾದ ಕಲ್ಲುಗಣಿಯಲ್ಲಿ ದೋಣಿಗೆ ಕಲ್ಲು ಹೇರಿದೆವು, ರಾತ್ರಿ ಅಲ್ಲೇ ತಂಗಿದೆವು. ಮರುದಿನ ಹೊರಟೆವು, ಖುಫುವಿನ ಕೆರೆಯ ಹತ್ತಿರ ತಂಗಿದೆವು. ಅದರ ಮರುದಿನ ಅಖೆತ್ ಖುಫು, ಅಂದರೆ ಗೀಜಾದ ಮಹಾ ಪಿರಮಿಡ್ಡೇ! ತುರಾದ ಬಿಳಿ ಸುಣ್ಣದಕಲ್ಲನ್ನು ಪಿರಮಿಡ್ಡಿನ ಹೊರಮೈಗೆ ಹೊದಿಸುತ್ತಿದ್ದರು. ಹತ್ತು ದಿನಕ್ಕೆ ಎರಡೋ ಮೂರೋ ಸಲ ಹೋಗಿ ಬರೋದು, ತಿಂಗಳುಗಟ್ಟಲೆ ಇದೇ. ಓದಿದರೆ ಬೇಜಾರು ಬರುವಷ್ಟು ಒಂದೇ ಥರ ಇದೆ, ಆದರೆ ನನಗೆ ಇದರಷ್ಟು ರೋಮಾಂಚನ ಯಾವ ಚಿನ್ನದ ಮುಖವಾಡದಲ್ಲೂ ಆಗಿಲ್ಲ, ಯಾಕಂದರೆ ಪಿರಮಿಡ್ ಕಟ್ಟುತ್ತಿದ್ದ ಕಾಲದಲ್ಲೇ, ಆ ಕೆಲಸದಲ್ಲೇ ಇದ್ದ ತಂಡದ ಲೆಕ್ಕ ಇದು.

ಜೊತೆಗೆ ಸಿಕ್ಕ ಧಾನ್ಯದ ಲೆಕ್ಕಪತ್ರ ನೋಡಬೇಕು ನೀವು. ಗೆರೆ ಎಳೆದು ಮನೆ ಮಾಡಿ ಬರಬೇಕಾದ್ದೆಷ್ಟು, ಬಂದದ್ದೆಷ್ಟು, ಬಾಕಿ ಎಷ್ಟು ಅಂತ ಬರೆದಿದ್ದಾರೆ. ನಮ್ಮ ಅಂಗಡಿ ಖಾತೆ ಪುಸ್ತಕ ಇದ್ದ ಹಾಗೇ ಇದೆ, ಅಲ್ವಾ? ಇಷ್ಟು ಅಚ್ಚುಕಟ್ಟಾಗಿ ರೇಷನ್ ಲೆಕ್ಕ ಇಟ್ಟ ಜನರ ಶ್ರಮವನ್ನು ಸುಮ್ನೆ ಆಕಾಶದಿಂದ ಬಂದವರ ಹೆಸರಿಗೆ ಬರೆದುಬಿಡುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ದಿನಚರಿಯಲ್ಲಿ ಅಂಖಾಫ್ ಹೆಸರೂ ಬರುತ್ತದೆ. ಖುಫುವಿನ ಮಲಸಹೋದರ, ದೊಡ್ಡ ಅಧಿಕಾರಿ. ಅವನ ಶಿಲ್ಪ ಇವತ್ತಿಗೂ ಬಾಸ್ಟನ್ ಮ್ಯೂಸಿಯಂನಲ್ಲಿದೆ, ಕಣ್ಣಿನ ಕೆಳಗಿನ ಚೀಲ ಸಮೇತ. ಮೆರೆರ್ ಹೇಗಿದ್ದ ಅಂತ ತೋರಿಸುವ ಶಿಲ್ಪ ಇಲ್ಲ. ಕಲ್ಲನ್ನು ಮೇಲಕ್ಕೆ ಹೇಗೆ ಏರಿಸಿದರು ಅನ್ನೋದನ್ನೂ ಅವನ ದಿನಚರಿ ಹೇಳುವುದಿಲ್ಲ. ಅವನ ತಂಡದ ಕೆಲಸ ದೋಣಿಯದು. ಕಲ್ಲು ಇಳಿಸಿದ ಮೇಲೆ ಮತ್ತೆ ತುರಾಗೆ ಹೊರಡಬೇಕಿತ್ತು.